ನಾನು ಓದಿ ಹೇಳಿದ ರಿಪೋರ್ಟು

ನಮ್ಮ ಮನೆಗೆ ಯಾವ ಕಾಗದ ಬಂದರೂ ಅದನ್ನು ಓದುವವಳು ನಾನು. ಬ್ಯಾಂಕಿನ ಪತ್ರ, ಪುರಸಭೆಯ ನೋಟೀಸು, ಕರೆಂಟು ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಸೂಚನೆ, ಆಸ್ಪತ್ರೆಯ ಚೀಟಿ, ಎಲ್ಲವನ್ನೂ ಅಮ್ಮ ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿಡುತ್ತಾಳೆ. ಸಂಜೆ ನಾನು ಬ್ರಹ್ಮಾವರದ ಶಾಲೆಯಿಂದ ಬಂದು, ಕೈಕಾಲು ತೊಳೆದು, ಅವನ್ನು ತೆಗೆದು ಓದಬೇಕು. ಓದಿದರೆ ಸಾಲದು, ಅದರ ಅರ್ಥವೇನು, ನಾವೇನು ಮಾಡಬೇಕು ಎಂದೂ ಹೇಳಬೇಕು. ಅಕ್ಕಪಕ್ಕದ ನಾಲ್ಕಾರು ಮನೆಯವರೂ ಹೀಗೇ ಕಾಗದ ಹಿಡಿದುಕೊಂಡು ಬರುತ್ತಾರೆ. ಕುಂದಾಪುರದ ಪಕ್ಕದ ಕೋಡಿಯ ನಮ್ಮ ಕೇರಿಯಲ್ಲಿ "ಟೀಚರ್ ಹೇಳಿದ್ರ್" ಎಂದರೆ ಆ ವಿಷಯ ಅಲ್ಲಿಗೆ ಮುಗಿಯಿತು.

ಈ ಅಧಿಕಾರ ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಅಮ್ಮ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು, ಕೋಟೇಶ್ವರದ ಕಡೆ ಮನೆಮನೆ ತಿರುಗಿ ನನ್ನನ್ನು ಓದಿಸಿದಳು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮೂಗಿಗೆ ಕರ್ಚೀಪು ಹಿಡಿಯುತ್ತಿದ್ದರು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ತಮ್ಮ ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಬೋಟು ಹತ್ತಿದ. ನಾನು ಬಿ.ಎಡ್. ಮುಗಿಸಿ ವಿಜ್ಞಾನದ ಟೀಚರ್ ಆದೆ. ನಮ್ಮ ಎರಡೂ ಕಡೆಯ ಸಂಬಂಧಿಕರಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು ನಾನು. ಕಪ್ಪು ಗೌನು ತೊಟ್ಟ ನನ್ನ ಫೋಟೋ ಆ ಗಡಿಯಾರದ ಪಕ್ಕದಲ್ಲೇ ತೂಗುತ್ತಿದೆ. ಅದನ್ನು ನೋಡಿದರೆ ನನಗೆ ಇವತ್ತಿಗೂ ಹೆಮ್ಮೆ. ಆ ಹೆಮ್ಮೆಯನ್ನು ಮುಚ್ಚಿಟ್ಟರೆ ಮುಂದೆ ಬರೆಯುವುದು ಯಾರಿಗೂ ಅರ್ಥವಾಗಲಿಕ್ಕಿಲ್ಲ, ಅದಕ್ಕೆ ಮೊದಲೇ ಹೇಳಿದೆ.

ಹೋದ ವರ್ಷದ ಮಳೆಗಾಲ. ಬೋಟುಗಳಿಗೆ ರಜೆ. ನಮ್ಮ ಕಡೆ ಗಂಡಸರು ಆ ಎರಡು ತಿಂಗಳು ಬಲೆ ಸರಿಮಾಡುತ್ತಾ, ಚಾವಡಿಯಲ್ಲಿ ಹರಟುತ್ತಾ, ತಿಂದುಂಡು ಮೈ ಬೆಳೆಸುತ್ತಾರೆ. ನನ್ನ ತಮ್ಮ ಮಾತ್ರ ಇಳಿಯುತ್ತಾ ಹೋದ. ಬಲೆಯ ಕೆಲಸಕ್ಕೆ ಜೊತೆಗೆ ಕೂತವರು ಕಿಚಾಯಿಸಲು ಶುರುಮಾಡಿದರು.

"ಹ್ವಾಯ್, ಅಂಗಿ ದೊಡ್ಡದಾಯ್ತೋ, ನೀ ಸಣ್ಣ ಆದ್ಯೋ ಮರಾಯಾ?"

"ಹೆಣ್ಣ್ ಕಾಂಬುಕೆ ಹೊರ್ಟವ ಅಲ್ದಾ, ಹೊಟ್ಟೆ ಕರ್ಗ್ಸ್ತಾ ಇದ್ದ."

ಅವನೂ ನಗುತ್ತಿದ್ದ. ಆದರೆ ಅಮ್ಮ ನಗಲಿಲ್ಲ. "ರಾತ್ರಿಗೆ ನಾಲ್ಕ್ ಸಲ ಒಂದಕ್ಕೆ ಏಳ್ತಾ ಹೆಣೆ. ಕೊಡಪಾನದ ನೀರೆಲ್ಲ ಅವ್ನೇ ಕುಡ್ದ್ ಮುಗ್ಸ್ತಾ," ಎಂದು ನನ್ನ ಹತ್ತಿರ ಪಿಸುಗುಟ್ಟಿದಳು. ಅಮ್ಮನಿಗೆ ಶುಗರ್ ಬಂದು ಎಂಟು ವರ್ಷವಾಗಿದೆ, ಮಾತ್ರೆಯಲ್ಲೇ ಇದೆ. ಅವಳಿಗೆ ಆ ಬಾಯಾರಿಕೆ ಯಾವುದೆಂದು ಗೊತ್ತಿತ್ತು. ಮರುದಿನ ಕುಂದಾಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದೆವು. ಶುಗರ್ ಐನೂರರ ಹತ್ತಿರ. ಅಲ್ಲೇ ಮಲಗಿಸಿ ಇನ್ಸುಲಿನ್ ಶುರುಮಾಡಿದರು.

ಸಕ್ಕರೆ ಕಾಯಿಲೆಯ ಡಾಕ್ಟರು ಆ ಆಸ್ಪತ್ರೆಗೆ ಬರುವುದು ಸೋಮವಾರ ಮಾತ್ರ. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ತಮ್ಮನ ಕೈಕಾಲು ಮುಟ್ಟಿ ನೋಡಿ, ಅವನ ಹಳೆಯ ಫೋಟೋ ಒಂದು ಕೇಳಿ, ಅದನ್ನೂ ಅವನನ್ನೂ ಎರಡು ಸಲ ನೋಡಿದರು.

"ಇಪ್ಪತ್ತೇಳು ವಯಸ್ಸು, ಸಪೂರ ಮೈ, ಇಷ್ಟು ಬೇಗ ತೂಕ ಇಳಿದಿದೆ. ಟೈಪ್ ಒನ್ ಅಂತ ನನ್ನ ಅನುಮಾನ. ದೊಡ್ಡವರಲ್ಲಿ ಮೊದಲ ದಿನವೇ ಖಚಿತ ಹೇಳುವುದು ಕಷ್ಟ. ಒಂದು ಆಂಟಿಬಾಡಿ ಟೆಸ್ಟ್ ಕಳಿಸೋಣ. ಪಾಸಿಟಿವ್ ಬಂದರೆ ನನ್ನ ಅನುಮಾನಕ್ಕೆ ಬಲ ಬರುತ್ತದೆ. ನೆಗೆಟಿವ್ ಬಂದರೆ ಕೂತು ಮಾತಾಡೋಣ. ಅಲ್ಲಿಯವರೆಗೆ ಇನ್ಸುಲಿನ್ ಬಿಡುವ ಹಾಗಿಲ್ಲ."

ಈ ಮಾತುಗಳು ಇವತ್ತು ನನಗೆ ಒಂದೊಂದಾಗಿ ಕೇಳಿಸುತ್ತವೆ. ಅವತ್ತು ಕೇಳಿಸಿದ್ದು ಅರ್ಧ. ಇನ್ನರ್ಧವನ್ನು ನಾನೇ ಪೂರ್ತಿ ಮಾಡಿಕೊಂಡೆ.

ಮನೆಗೆ ಬಂದು ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ, ಪಾಠ ಮಾಡಿದೆ. ರೋಗ ಬಂದರೆ ಅದರ ವಿರುದ್ಧ ಹೋರಾಡಲು ನಮ್ಮ ಮೈ ಪ್ರತಿಕಾಯಗಳನ್ನು ಮಾಡುತ್ತದೆ, ಅದನ್ನೇ ಆಂಟಿಬಾಡಿ ಎನ್ನುವುದು. ಟೈಪ್ ಒನ್ನಿನಲ್ಲಿ ಆ ಕಾವಲಿನವರೇ ದಾರಿತಪ್ಪಿ, ಇನ್ಸುಲಿನ್ ಮಾಡುವ ನಮ್ಮದೇ ಜೀವಕೋಶಗಳನ್ನು ಕೊಲ್ಲುತ್ತಾರೆ.

"ಕಾವಲಿಗಿದ್ದವ್ರೇ ಹೊಡ್ದ್ರೆ ಯಾರ್ ಹತ್ರ ಹೇಳುದ್?" ಎಂದಳು ಅಮ್ಮ.

ಹಾಳೆಯ ಮೇಲೆ ಎರಡು ಬಾಣ ಬರೆದೆ. ಒಂದು ಬಾಣದ ತುದಿಯಲ್ಲಿ: ಆಂಟಿಬಾಡಿ ಇದೆ, ಟೈಪ್ ಒನ್, ಜೀವಮಾನವಿಡೀ ಇಂಜೆಕ್ಷನ್. ಇನ್ನೊಂದರ ತುದಿಯಲ್ಲಿ: ಆಂಟಿಬಾಡಿ ಇಲ್ಲ, ಅಮ್ಮನ ಹಾಗೆ ಟೈಪ್ ಟು, ಮಾತ್ರೆ. ತಮ್ಮ ಆ ಎರಡನೆಯ ಬಾಣದ ಕೆಳಗೆ ತಾನೇ ಪೆನ್ನು ತೆಗೆದುಕೊಂಡು "ಬೋಟ್" ಎಂದು ಬರೆದ. ಇಂಜೆಕ್ಷನ್ ತೆಗೆದುಕೊಳ್ಳುವವನನ್ನು ಹತ್ತು ದಿನದ ಆಳಸಮುದ್ರದ ಟ್ರಿಪ್ಪಿಗೆ ಕರೆದುಕೊಂಡು ಹೋಗುವುದು ಕಷ್ಟ ಎಂದು ಬೋಟಿನ ಮಾಲಕರು ಆಗಲೇ ಹೇಳಿ ಕಳಿಸಿದ್ದರು. ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಬೇರೆ ಕೆಲಸ ಬೇಕು ಎಂದೂ ಅವನಿಗೆ ಯಾವತ್ತೂ ಅನ್ನಿಸಿದ್ದಿಲ್ಲ. ಆ ಹಾಳೆಯನ್ನು ಅವನು ಗಡಿಯಾರದ ಕೆಳಗೆ ಮೊಳೆಗೆ ಸಿಕ್ಕಿಸಿದ.

ರಕ್ತ ದೂರದ ಲ್ಯಾಬಿಗೆ ಹೋಗಿತ್ತು. ಕಾಯುವ ದಿನಗಳಲ್ಲಿ ಮನೆಯಲ್ಲಿ ಯಾರೂ ಆ ಹಾಳೆಯ ಕಡೆ ನೇರ ನೋಡುತ್ತಿರಲಿಲ್ಲ. ಅಮ್ಮ ಅದರ ಮುಂದೆ ಗುಡಿಸುವಾಗ ಮುಖ ತಿರುಗಿಸುತ್ತಿದ್ದಳು. ತಮ್ಮ ಹೊಟ್ಟೆಯ ಚರ್ಮ ಹಿಡಿದು ಸೂಜಿ ಚುಚ್ಚಿಕೊಳ್ಳುವಾಗ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ನನಗಂತೂ ಕ್ಲಾಸಿನಲ್ಲಿ ಚಾಕ್ ಹಿಡಿದಾಗಲೂ ಭಯ. ಫೋನು ಗುಂಯ್ ಎಂದರೆ ಪಾಠ ಅರ್ಧಕ್ಕೆ ಬಿಟ್ಟು ನೋಡುತ್ತಿದ್ದೆ. ಅಷ್ಟರಲ್ಲಿ ಒಂದು ವಿಚಿತ್ರವಾಯಿತು. ಅವನ ಶುಗರ್ ತಾನಾಗಿಯೇ ಇಳಿಯತೊಡಗಿತು. ಮೊದಲು ಹಾಕುತ್ತಿದ್ದಷ್ಟು ಇನ್ಸುಲಿನ್ ಹಾಕಿದರೆ ಮೈ ನಡುಕ ಬಂದು ಬೆವರುತ್ತಿದ್ದ. ಆಸ್ಪತ್ರೆಗೆ ಫೋನು ಮಾಡಿ ಕೇಳಿ ಕೇಳಿ ಕಡಿಮೆ ಮಾಡುತ್ತಾ ಬಂದೆವು. ಕೊನೆಗೆ ಒಂದು ಹೊತ್ತಿಗೆ ನಾಲ್ಕು ಯೂನಿಟ್ ಸಾಕಾಯಿತು.

"ನಾಲ್ಕ್ ಯೂನಿಟ್ ಅಂದ್ರೆ ಎಂತದೂ ಅಲ್ಲ ಅಕ್ಕ. ಸೊಳ್ಳೆ ಕಚ್ಚಿದಾಂಗೆ," ಎಂದ ತಮ್ಮ. ಅವನ ಮುಖದಲ್ಲಿ ಬಹಳ ದಿನದ ಮೇಲೆ ಆಸೆ ಕಂಡಿತು. ನನಗೂ ಆಸೆ ಹುಟ್ಟಿತು.

ರಿಪೋರ್ಟು ಬಂದದ್ದು ಒಂದು ಗುರುವಾರ, ವಾಟ್ಸಾಪಿನಲ್ಲಿ, ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ. ಮೇಲೆ ತಮ್ಮನ ಹೆಸರು, ವಯಸ್ಸು. ಕೆಳಗೆ ಗ್ಯಾಡ್ ಆಂಟಿಬಾಡಿ ಎಂದು ಒಂದು ಸಾಲು, ಅದರ ಮುಂದೆ ಒಂದು ಸಣ್ಣ ಅಂಕಿ, ಅದರ ಮುಂದೆ ನೆಗೆಟಿವ್. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಪಕ್ಕದ ಹಿಂದಿ ಟೀಚರ್ ಗಾಬರಿಯಾಗಿ ನೀರು ತಂದರು. ಎಂತ ಇಲ್ಲ, ಒಳ್ಳೆಯ ಸುದ್ದಿ ಎಂದೆ.

ಅಮ್ಮನಿಗೆ ಫೋನು ಮಾಡಿದೆ.

"ನೆಗೆಟಿವ್ ಅಂದ್ರೆ ಕೊರೊನಾದಂಗೆ ಬಪ್ಪುದಲ್ದಾ? ಹಾಂಗಾರೆ ಒಳ್ಳೇದೇ ಅಲ್ದಾ ಹೆಣೆ?"

"ಒಳ್ಳೇದೇ ಅಮ್ಮ."

ಅಮ್ಮನನ್ನು ನಾನು ದೂರುವುದಿಲ್ಲ. ಅವಳಿಗೆ ಆ ಪದ ಕಲಿಸಿದ್ದು ಕೊರೊನಾ. ನನಗೆ ಕಲಿಸಿದ್ದು ನನ್ನದೇ ಪ್ರಯೋಗಶಾಲೆ. ಪ್ರತಿ ವರ್ಷ ನಾನು ಮಕ್ಕಳಿಂದ ಅನ್ನದ ಅಗುಳಿನ ಮೇಲೆ ಅಯೋಡಿನ್ ಹನಿ ಹಾಕಿಸುತ್ತೇನೆ. ನೀಲಿಯಾದರೆ ಪಿಷ್ಟ ಇದೆ, ನೀಲಿಯಾಗದಿದ್ದರೆ ಇಲ್ಲ. ಹನ್ನೊಂದು ವರ್ಷದಿಂದ ಇದನ್ನೇ ಹೇಳಿ ಹೇಳಿ, ಲೋಕದಲ್ಲಿರುವ ಟೆಸ್ಟುಗಳೆಲ್ಲ ಅಯೋಡಿನ್ ಹನಿಯಂತೆಯೇ ಎಂದು ನಾನು ನಂಬಿದ್ದೆ.

ಬೋಟುಗಳ ರಜೆ ಮುಗಿದಿತ್ತು. ಬೋಟು ಶನಿವಾರ ಬೆಳಿಗ್ಗೆ ಹೊರಡುವುದಿತ್ತು. ಡಾಕ್ಟರು ಬರುವುದು ಸೋಮವಾರ. ಆಸ್ಪತ್ರೆಗೆ ಫೋನು ಮಾಡಿದರೆ, ಸೋಮವಾರ ರಿಪೋರ್ಟು ತೆಗೆದುಕೊಂಡು ಬನ್ನಿ ಎಂದರು. ಆ ಸಂಜೆ ತಮ್ಮ ಗಡಿಯಾರದ ಕೆಳಗೆ ನಿಂತು ನನ್ನನ್ನು ಕೇಳಿದ.

"ಅಕ್ಕ, ಸಮಾ ಹೇಳ್. ನಾ ಹೋಪ್ದಾ, ಬೇಡ್ದಾ? ಮೊದ್ಲ್ ಟ್ರಿಪ್ಪಿಗೆ ಹೋಯ್ಲಿಲ್ಲ ಅಂದ್ರೆ ನನ್ ಜಾಗಕ್ಕೆ ಬೇರೆಯವ್ನ ಹಾಕ್ತ್ರ್."

ಒಂದು ಕಡೆ ನೆಗೆಟಿವ್ ರಿಪೋರ್ಟು, ಇನ್ನೊಂದು ಕಡೆ ಬರೀ ನಾಲ್ಕು ಯೂನಿಟ್. ನನಗೆ ಎರಡು ಸಾಕ್ಷಿ ಸಿಕ್ಕಿತ್ತು. ಅದಕ್ಕಿಂತ ಹೆಚ್ಚಾಗಿ, ಅಮ್ಮನೂ ತಮ್ಮನೂ ನನ್ನ ಬಾಯಿ ನೋಡುತ್ತಾ ನಿಂತಿದ್ದರು. ಗೊತ್ತಿಲ್ಲ ಎಂಬ ಮಾತನ್ನು ಆ ಗಡಿಯಾರದ ಕೆಳಗೆ ನಿಂತು ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಟೈಪ್ ಒನ್ ಅಲ್ಲ. ಹೋಗ್," ಎಂದೆ.

ಅಮ್ಮ ಒಳಗೆ ಹೋಗಿ ತನ್ನ ಮಾತ್ರೆಯ ಪಟ್ಟಿ ತಂದಳು. "ನನ್ ಶುಗರೇ ಅಲ್ದಾ ಅವ್ನಿಗ್ ಬಂದದ್ದ್? ನನ್ ಮಾತ್ರೆಯೇ ತಿನ್ಲಿ." ನಮ್ಮ ಕೇರಿಯಲ್ಲಿ ಇದು ಹೊಸದಲ್ಲ. ಜ್ವರದ ಮಾತ್ರೆ, ಬಿ.ಪಿ. ಮಾತ್ರೆ, ಮೊಣಕಾಲು ನೋವಿನ ಎಣ್ಣೆ, ಎಲ್ಲ ಮನೆಯಿಂದ ಮನೆಗೆ ಹೋಗುತ್ತಿರುತ್ತದೆ. ನಾನು ಅದನ್ನು ತಡೆಯಬೇಕಿತ್ತು. ಬದಲಿಗೆ ಆ ಪಟ್ಟಿಯ ಹಿಂಬದಿಗೆ ಬಾಲ್ ಪೆನ್ನಿನಿಂದ "ಬೆಳಿಗ್ಗೆ, ರಾತ್ರಿ" ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದುಕೊಟ್ಟೆ.

ತಮ್ಮ ಹೊರಡುವಾಗ ಫ್ರಿಜ್ಜಿನ ಬಾಗಿಲು ತೆರೆದು ಇನ್ಸುಲಿನ್ ಪೆನ್ನು ಕೈಗೆತ್ತಿಕೊಂಡ. "ಬೋಟಂಗೆ ಐಸ್ ಇತ್ತಲೆ. ಇದ್ನೂ ತಕಂಡ್ ಹ್ವಾತೆ."

"ಐಸಿನಲ್ಲಿ ಇಟ್ರೆ ಗಟ್ಟಿಯಾಗಿ ಹಾಳಾಗತ್ತ್. ಅಲ್ಲೇ ಇಡ್," ಎಂದೆ.

ಐಸಿನಲ್ಲಿ ಹೆಪ್ಪುಗಟ್ಟಿದರೆ ಇನ್ಸುಲಿನ್ ಹಾಳಾಗುತ್ತದೆ ಎಂಬುದು ನಿಜ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಇವತ್ತಿಗೂ ನನ್ನನ್ನು ಹೆಚ್ಚು ಸುಡುವುದು.

ಸೋಮವಾರ ಅರ್ಧ ದಿನ ರಜೆ ಹಾಕಿ, ರಿಪೋರ್ಟನ್ನು ಪ್ರಿಂಟ್ ತೆಗೆಸಿ, ಫೈಲಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ನಿಜ ಹೇಳಬೇಕೆಂದರೆ ಡಾಕ್ಟರಿಂದ ಒಂದು ಶಹಭಾಸ್ ಸಿಗಬಹುದು ಎಂದುಕೊಂಡೇ ಹೋಗಿದ್ದೆ. ಅವರು ಕಾಗದ ನೋಡಿದರು. ಆಮೇಲೆ ನನ್ನ ಹಿಂದೆ ಬಾಗಿಲ ಕಡೆ ನೋಡಿದರು.

"ತಮ್ಮ ಎಲ್ಲಿ ಟೀಚರ್?"

"ಬೋಟಿಗೆ ಹೋಗಿದ್ದಾನೆ. ಶನಿವಾರ."

"ಇನ್ಸುಲಿನ್ ಹೇಗೆ ಇಟ್ಟುಕೊಂಡಿದ್ದಾನೆ ಅಲ್ಲಿ?"

"ತೆಗೆದುಕೊಂಡು ಹೋಗಲಿಲ್ಲ. ಟೈಪ್ ಒನ್ ಅಲ್ಲವಲ್ಲ, ಮಾತ್ರೆ..."

ಅವರು ಪೆನ್ನು ಕೆಳಗಿಟ್ಟರು. "ಟೈಪ್ ಒನ್ ಅಲ್ಲ ಅಂತ ಯಾರು ಹೇಳಿದ್ದು?"

"ನಾನು," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಈ ಕಾಯಿಲೆಯಲ್ಲಿ ರಕ್ತದಲ್ಲಿ ಕಾಣುವ ಆಂಟಿಬಾಡಿ ಒಂದೇ ಬಗೆಯದ್ದಲ್ಲ. ನಾವು ಹುಡುಕಿದ್ದು ಅದರಲ್ಲಿ ಒಂದನ್ನು ಮಾತ್ರ. ಕೆಲವರಲ್ಲಿ ಇದು ಇರುವುದಿಲ್ಲ, ಬೇರೆಯದ್ದು ಇರುತ್ತದೆ. ಇನ್ನು ಕೆಲವರಲ್ಲಿ ಯಾವುದೂ ಸಿಗುವುದೇ ಇಲ್ಲ, ಆದರೂ ಕಾಯಿಲೆ ಟೈಪ್ ಒನ್ನೇ. ಕಾಯಿಲೆ ಇಲ್ಲದವರಲ್ಲಿ ಅಪರೂಪಕ್ಕೆ ಪಾಸಿಟಿವ್ ಬರುವುದೂ ಉಂಟು. ಇನ್ಸುಲಿನ್ ಕಡಿಮೆ ಸಾಕಾದದ್ದೂ ಗುಣವಾದ ಲಕ್ಷಣ ಅಲ್ಲ. ಚಿಕಿತ್ಸೆ ಶುರುವಾದ ಹೊಸತರಲ್ಲಿ, ಅಳಿದುಳಿದ ಜೀವಕೋಶಗಳು ಸ್ವಲ್ಪ ದಿನ ಚೇತರಿಸಿಕೊಂಡು ಕೆಲಸ ಮಾಡುತ್ತವೆ. ಆಮೇಲೆ ಅವೂ ನಿಲ್ಲುತ್ತವೆ.

"ನಿಂತರೆ?" ಎಂದೆ.

"ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ತುಂಬುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು. ಆಮೇಲೆ ಎಚ್ಚರ ತಪ್ಪುತ್ತದೆ. ಫೋನು ಮಾಡಿ ಟೀಚರ್. ಈಗಲೇ."

ಫೋನು ಹತ್ತಲಿಲ್ಲ. ದಡದಿಂದ ಅಷ್ಟು ದೂರ ಹೋದ ಮೇಲೆ ಯಾರ ಫೋನೂ ಹತ್ತುವುದಿಲ್ಲ, ಅದು ಮೀನುಗಾರರ ಮನೆಯ ಮಗುವಿಗೂ ಗೊತ್ತು. ಆದರೂ ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಹತ್ತು ಸಲ ಒತ್ತಿದೆ.

ಬೋಟು ಹೊರಡುವ ಗಂಗೊಳ್ಳಿಯ ಬಂದರು ನಮ್ಮ ಕೋಡಿಯಿಂದ ನೋಡಿದರೆ ನದಿಯ ಆಚೆಗೆ ಕಾಣುತ್ತದೆ. ರಸ್ತೆಯಲ್ಲಿ ಹೋಗಬೇಕಾದರೆ ಮಾತ್ರ ಬೈಂದೂರಿನ ಕಡೆ ತ್ರಾಸಿಯವರೆಗೆ ಹೋಗಿ ಸುತ್ತಿಕೊಂಡು ಬರಬೇಕು. ರಿಕ್ಷಾದಲ್ಲಿ ಆ ಸುತ್ತು ದಾರಿಯುದ್ದಕ್ಕೂ ನಾನು ದಿನ ಎಣಿಸುತ್ತಿದ್ದೆ. ಶನಿವಾರ, ಆದಿತ್ಯವಾರ, ಸೋಮವಾರ. ಮೂರನೆಯ ದಿನ. ಅವನಿಗೆ ಏನಾಗುತ್ತಿದೆ ಎಂದು ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ. ವಾಂತಿ ಬಂದರೆ ಬೋಟಿನವರೆಲ್ಲ ನಗುತ್ತಾರೆ, ಅವನೂ ನಗುತ್ತಾನೆ. ಮೈ ಸರಿಯಿಲ್ಲ ಅನ್ನಿಸಿದರೆ ಇನ್ನೊಂದು ಮಾತ್ರೆ ನುಂಗುತ್ತಾನೆ, ಅಕ್ಕ ಬರೆದುಕೊಟ್ಟದ್ದು ಎಂದು.

ದಕ್ಕೆಯ, ಅಂದರೆ ಬೋಟು ಕಟ್ಟುವ ಕಟ್ಟೆಯ, ಬಳಿ ಒಂದು ಕೋಣೆಯಲ್ಲಿ ಬೋಟಿನ ಮಾಲಕರು ವೈರ್‌ಲೆಸ್ ಮುಂದೆ ಕೂತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಮೈಕ್ ಎತ್ತಿದರು. ನಮ್ಮ ಬೋಟು ನೇರ ಸಿಗುವಷ್ಟು ಹತ್ತಿರದಲ್ಲಿರಲಿಲ್ಲ. ನಡುವೆ ಇದ್ದ ಬೇರೊಂದು ಬೋಟಿನವರು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸಬೇಕಾಯಿತು. ಗರಗರ ಸದ್ದಿನ ನಡುವೆ, ಬೋಟು ನಡೆಸುವ ತಾಂಡೇಲನ ಉತ್ತರ ಮೂರನೆಯವನ ಬಾಯಿಂದ ಬಂತು.

"ನಿನ್ನೆಯಿಂದ ವಾಂತಿ ಅಂಬ್ರ್. ಸಮುದ್ರದಂಗೆ ಹುಟ್ಟಿದವಂಗೆ ಸಮುದ್ರ ಆಪ್ದಿಲ್ಯಾ ಅಂದ್ಕಂಡ್ ಎಲ್ಲ ನೆಗಿ ಆಡಿದ್ರಂಬ್ರ್. ಶುಂಠಿ ಕಷಾಯ ಕೊಟ್ಟಿದ್ರಂಬ್ರ್. ಈಗ ಬಲೆ ಮೇಲ್ ಮನಿಕಂಡಿದ್ದ. ಉಸ್ರ್ ಮಾತ್ರ ಜೋರ್ ಜೋರ್ ಬಿಡ್ತಾ ಅಂಬ್ರ್."

ಮಾಲಕರು ನನ್ನ ಮುಖ ನೋಡಿದರು. "ಬೋಟ್ ತಿರ್ಗ್ಸುಕೆ ಹೇಳ್ತೆ ಟೀಚರ್ರೆ. ಮೀನ್ ನಾಳಿಗೂ ಸಿಕ್ಕತ್ತ್." ನಾನು ಡಾಕ್ಟರಿಗೆ ಫೋನು ಮಾಡಿ ಕೇಳಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಇರಿ, ಆ ಮಾತ್ರೆ ಕೊಡಬೇಡಿ ಎಂದು ಹೇಳಿಸಿದೆ. ಆಚೆಯಿಂದ "ಆಯ್ತ್" ಎಂಬ ಒಂದು ಪದ ಬಂತು. ಆಮೇಲೆ ಗರಗರ ಮಾತ್ರ.

ಬೋಟು ಬರಲು ಆರು ಗಂಟೆ ಬೇಕು ಎಂದರು. ಅಳಿವೆ, ಅಂದರೆ ನದಿ ಸಮುದ್ರಕ್ಕೆ ಸೇರುವ ಬಾಯಿ, ಆ ಹೊತ್ತಿನಲ್ಲಿ ಇಳಿತದಲ್ಲಿದ್ದರೆ ಹೊರಗೆ ಕಾಯಬೇಕಾಗುತ್ತದೆ ಎಂದೂ ಹೇಳಿದರು. ಅಮ್ಮ ಸುದ್ದಿ ಕೇಳಿ ಬಂದಳು. ದಕ್ಕೆಯ ಮೇಲೆ ಮಗುಚಿಟ್ಟ ಮೀನಿನ ಕ್ರೇಟಿನ ಮೇಲೆ ನನ್ನ ಪಕ್ಕ ಕೂತಳು. ನಾನು ನಡೆದದ್ದನ್ನೆಲ್ಲ ಹೇಳಿದೆ, ಒಂದನ್ನೂ ಬಿಡದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೈ ಚಾಚಿದಳು.

"ಆ ಕಾಗ್ದ ಕೊಡ್, ನಾ ಒಂದ್ಸಲ ಕಾಂಬ."

ಓದಲು ಬಾರದ ಅಮ್ಮ ಯಾವ ಕಾಗದವನ್ನೂ ಅಲ್ಲಿಯವರೆಗೆ ಕೇಳಿದವಳಲ್ಲ. ಫೈಲಿನಿಂದ ತೆಗೆದು ಕೊಟ್ಟೆ. ಮಡಿಲ ಮೇಲೆ ಹರಡಿಕೊಂಡು, ಸಾಲಿನಿಂದ ಸಾಲಿಗೆ ಬೆರಳು ಓಡಿಸಿದಳು.

"ಇದ್ರಂಗೆ ಅವ ಎಲ್ಲಿದ್ದ?"

ಮೇಲಿನ ಸಾಲಿನಲ್ಲಿದ್ದ ಅವನ ಹೆಸರನ್ನು ತೋರಿಸಿದೆ. ಅಮ್ಮ ಬೆರಳನ್ನು ಅದರ ಮೇಲಿಟ್ಟವಳು ಬೋಟು ಕಾಣುವವರೆಗೂ ತೆಗೆಯಲಿಲ್ಲ.

ಬೆಳಕು ಇನ್ನೂ ಇದ್ದಾಗಲೇ ಬೋಟು ಕಾಣಿಸಿತು. ಅಳಿವೆಯ ಹೊರಗೆ ನಿಂತಿತು. ನೀರು ಸಾಲದು ಎಂದು ದಕ್ಕೆಯಲ್ಲಿದ್ದವರು ಮಾತಾಡಿಕೊಂಡರು. ಅದು ಅಲ್ಲೇ ಏಳುತ್ತಾ ಬೀಳುತ್ತಾ ಇತ್ತು. ನಾನು ಆವರೆಗೆ ಎಷ್ಟೋ ಸಲ ಬೋಟು ಕಾದದ್ದುಂಟು, ಅಪ್ಪನಿಗೆ, ತಮ್ಮನಿಗೆ. ಗಾಳಿಗೆ ಹೆದರಿದ್ದೇನೆ, ತೂಫಾನಿಗೆ ಹೆದರಿದ್ದೇನೆ. ಅವತ್ತು ಗಾಳಿಯೂ ಇರಲಿಲ್ಲ, ತೂಫಾನೂ ಇರಲಿಲ್ಲ. ಅವನನ್ನು ಅಲ್ಲಿ ಸಾಯಲು ಬಿಟ್ಟದ್ದು ನನ್ನ ಬಾಯಿಂದ ಬಂದ ನಾಲ್ಕು ಪದ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಳೆದಿರಬೇಕು. ತಾಂಡೇಲ ಕಾಯುವುದನ್ನು ಬಿಟ್ಟು, ಎದ್ದ ಒಂದು ದೊಡ್ಡ ತೆರೆಯ ಬೆನ್ನಿಗೆ ಬೋಟನ್ನು ಹತ್ತಿಸಿ ಒಳಗೆ ನುಗ್ಗಿಸಿದ. ದಕ್ಕೆಯಲ್ಲಿದ್ದವರೆಲ್ಲ "ಹೋ" ಎಂದರು.

ನಾಲ್ಕು ಜನ ಅವನನ್ನು ಟರ್ಪಾಲಿನಲ್ಲಿ ಎತ್ತಿ ಇಳಿಸಿದರು. ತುಟಿ ಒಣಗಿ ಬಿರಿದಿತ್ತು. ಎದೆ ಓಡಿ ಬಂದವನ ಹಾಗೆ ಏರಿಳಿಯುತ್ತಿತ್ತು. ಬಗ್ಗಿದಾಗ, ಅಷ್ಟು ಮೀನಿನ ವಾಸನೆಯ ನಡುವೆಯೂ, ಅವನ ಬಾಯಿಂದ ಉಗುರಿನ ಬಣ್ಣ ಒರೆಸುವ ದ್ರಾವಣದಂಥ ಸಿಹಿ ವಾಸನೆ ಮೂಗಿಗೆ ಹೊಡೆಯಿತು. ಅದು ಅಸಿಟೋನ್. ಅದೂ ನನಗೆ ಗೊತ್ತಿತ್ತು.

"ಅಕ್ಕ, ಮಾತ್ರೆ ಸಮಾ ತಿಂದಿದ್ದೆ," ಎಂದ. ಅಷ್ಟೇ ಅಂದದ್ದು. ಕಣ್ಣು ಮುಚ್ಚಿದ.

ಮಧ್ಯಾಹ್ನ ಮೂರಕ್ಕೆ ಹೊರಡಬೇಕಿದ್ದ ಡಾಕ್ಟರು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಮುಂದಿನ ಎರಡು ದಿನ ಅವನು ಐ.ಸಿ.ಯು.ನಲ್ಲಿ, ನಾವು ಹೊರಗಿನ ಬೆಂಚಿನಲ್ಲಿ. ಆ ಎರಡು ದಿನದ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ನರ್ಸು ಗಂಟೆಗೊಮ್ಮೆ ಬಾಗಿಲು ತೆರೆದಾಗ ಅವಳ ಮುಖವನ್ನು ಓದುವುದೊಂದೇ ನನ್ನ ಕೆಲಸವಾಗಿತ್ತು. ಅದನ್ನೂ ಸರಿಯಾಗಿ ಓದಿದೆ ಎಂಬ ಧೈರ್ಯ ಇರಲಿಲ್ಲ.

ಅವನು ಬದುಕಿದ. ವಾರ್ಡಿಗೆ ಬಂದ ಮೇಲೆ, ಮುಂದಿನ ಸೋಮವಾರ, ಡಾಕ್ಟರು ಇನ್ನೆರಡು ಬಗೆಯ ಆಂಟಿಬಾಡಿ ಪರೀಕ್ಷೆಗೆ ರಕ್ತ ಕಳಿಸಿದರು. ಆಗ ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಹೇಳಲಾರೆ.

"ನಂಬಲಿಕ್ಕೆ ಆಗದ ಟೆಸ್ಟು ಮತ್ತೆ ಯಾಕೆ ಡಾಕ್ಟ್ರೆ?"

"ನಂಬಬಹುದು ಟೀಚರ್. ಎಷ್ಟು ನಂಬಬೇಕೋ ಅಷ್ಟು. ಪಾಸಿಟಿವ್ ಬಂದರೆ ನನಗೆ ಇನ್ನೂ ಧೈರ್ಯ. ಎಲ್ಲ ನೆಗೆಟಿವ್ ಬಂದರೂ ನಾನು ಇವನ ಇನ್ಸುಲಿನ್ ನಿಲ್ಲಿಸುವುದಿಲ್ಲ. ಮೂರು ದಿನ ಬಿಟ್ಟದ್ದಕ್ಕೆ ಏನಾಯಿತು ಅಂತ ಕಣ್ಣಾರೆ ನೋಡಿದ್ದೇವಲ್ಲ."

ಹಾಸಿಗೆಯಲ್ಲಿದ್ದ ತಮ್ಮ ಇದನ್ನು ಕೇಳುತ್ತಿದ್ದ. ಡಾಕ್ಟರು ಹೋದ ಮೇಲೆ, ಬತ್ತಿದ ದನಿಯಲ್ಲಿ ನನ್ನನ್ನು ಕಿಚಾಯಿಸಿದ.

"ಅಕ್ಕ, ಒಂದ್ ಬಲೆ ಹಾಯ್ಕಂಡ್ ಮೀನ್ ಬರ್ಲಿಲ್ಲ ಅಂದ್ರೆ ಸಮುದ್ರದಂಗೆ ಮೀನೇ ಇಲ್ಲೆ ಅಂತ ನಮ್ ಬೋಟಂಗೆ ಯಾರೂ ಹೇಳುದಿಲ್ಲೆ. ನೀ ಬಿ.ಎಸ್ಸಿ. ಓದಿ ಹೇಳಿದ್ಯಲೆ ಮಾರಾಯ್ತಿ."

ನಾನು ಅವನ ಕಾಲಿನ ಮೇಲೆ ಹೊದಿಕೆ ಎಳೆದೆ.

ಮನೆಗೆ ಬಂದ ದಿನ ಗಡಿಯಾರದ ಕೆಳಗಿದ್ದ ಆ ಎರಡು ಬಾಣದ ಹಾಳೆಯನ್ನು ಹರಿಯಲು ಹೋದೆ. ತಮ್ಮ ಬಿಡಲಿಲ್ಲ. ಇಂಜೆಕ್ಷನ್ನಿನ ಬಾಣದಿಂದ ತಾನು ಬರೆದ "ಬೋಟ್" ಎಂಬ ಪದದವರೆಗೆ ಒಂದು ಗೆರೆ ಎಳೆದು ಎರಡನ್ನೂ ಸೇರಿಸಿದ.

ಹೊಸ ರಿಪೋರ್ಟು ಹದಿನೈದು ದಿನದ ಮೇಲೆ ಬಂತು. ಈ ಸಲ ತಮ್ಮನೇ ಕುಂದಾಪುರಕ್ಕೆ ಹೋಗಿ ಕಾಗದ ತಂದು, ಲಕೋಟೆ ಒಡೆಯದೆ, ಹಳೇ ಪದ್ಧತಿಯಂತೆ ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದ. ನಾನು ಶಾಲೆಯಿಂದ ಬಂದೆ. ಕೈಕಾಲು ತೊಳೆದೆ. ಇಬ್ಬರೂ ಬಂದು ನಿಂತರು. ಲಕೋಟೆ ಒಡೆದು ಎರಡು ಸಲ ಓದಿದೆ.

"ಎರಡು ಟೆಸ್ಟ್ ಇತ್ತ್. ಒಂದ್ ಪಾಸಿಟಿವ್, ಒಂದ್ ನೆಗೆಟಿವ್," ಎಂದೆ.

"ಅಂದ್ರೆ ಎಂತ ಹೆಣೆ?" ಎಂದಳು ಅಮ್ಮ.

ನನಗೆ ಒಂದು ಊಹೆಯಿತ್ತು. ಅದು ಬಹುಶಃ ಸರಿಯೂ ಇತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ನಂಗೆ ಗೊತ್ತಿಲ್ಲೆ ಅಮ್ಮ. ಸೋಮವಾರ ಡಾಕ್ಟರ ಹತ್ರ ಕೇಂಬ."

"ಟೀಚರಿಗೂ ಗೊತ್ತಿಲ್ದಿದ್ದದ್ ಇತ್ತಾ?" ಎಂದ ತಮ್ಮ.

"ಸುಮ್ನಿರ್ ಮರಾಯಾ," ಎಂದು ಅಮ್ಮ ಅವನ ಬೆನ್ನಿಗೆ ಒಂದು ಬಾರಿಸಿದಳು. ಆಮೇಲೆ ಫ್ರಿಜ್ಜಿನಿಂದ ಪೆನ್ನು ತಂದು ಅವನ ಕೈಗೆ ಕೊಟ್ಟಳು. ಊಟದ ಹೊತ್ತಾಗಿತ್ತು. ಸೋಮವಾರ ಮೂವರೂ ಒಟ್ಟಿಗೆ ಹೋದೆವು. ಟೈಪ್ ಒನ್ ಎಂದರು ಡಾಕ್ಟರು. ಇನ್ನು ಅನುಮಾನ ಬೇಡ ಎಂದರು.

ಆಳಸಮುದ್ರದ ಬೋಟು ಅವನ ಕೈತಪ್ಪಿತು. ಕೆಲವು ತಿಂಗಳು ದಕ್ಕೆಯಲ್ಲೇ ಬಲೆಯ ಕೆಲಸ ಮಾಡಿದ. ಈಗ ಕೋಡಿಯಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನಕ್ಕೆ ಮರಳುವ ನಾಡದೋಣಿಯೊಂದಕ್ಕೆ ಹೋಗುತ್ತಿದ್ದಾನೆ. ಡಾಕ್ಟರನ್ನು ಕೇಳಿಯೇ. ಪೆನ್ನು, ಶುಗರ್ ತೀರಾ ಇಳಿದರೆ ತಿನ್ನಲು ಬೆಲ್ಲದ ಡಬ್ಬಿ, ಶುಗರ್ ನೋಡುವ ಮಿಷನ್, ಮೂರೂ ಒಂದು ಮುಚ್ಚಳದ ಡಬ್ಬದಲ್ಲಿ. ಐಸಿನಿಂದ ದೂರ. ದೋಣಿಯವರಿಗೆಲ್ಲ ಆ ಡಬ್ಬ ಎಲ್ಲಿರುತ್ತದೆ, ಅವನು ತಡವರಿಸಿದರೆ ಏನು ಮಾಡಬೇಕು ಎಂದು ಗೊತ್ತು. ನಾನೇ ಹೋಗಿ ಹೇಳಿಕೊಟ್ಟೆ. ಡಾಕ್ಟರು ಬರೆದುಕೊಟ್ಟದ್ದನ್ನು ಇದ್ದ ಹಾಗೆಯೇ ಓದಿದೆ, ನನ್ನದು ಒಂದು ಪದವನ್ನೂ ಸೇರಿಸಲಿಲ್ಲ.

ದೋಣಿ ಹೆಚ್ಚು ದೂರ ಹೋಗುವುದಿಲ್ಲ, ಫೋನು ಸಿಗುತ್ತದೆ. ಬೆಳಿಗ್ಗೆ ಹತ್ತೂವರೆಗೆ ಅವನು ಬೆರಳು ಚುಚ್ಚಿ, ಮಿಷನ್ನಿನ ಫೋಟೋ ತೆಗೆದು ನನಗೆ ಕಳಿಸಬೇಕು. ಅದು ನಮ್ಮೊಳಗಿನ ಕರಾರು. ಹತ್ತು ಇಪ್ಪತ್ತಕ್ಕೆಲ್ಲ ನಾನು ಮತ್ತೆ ಮತ್ತೆ ಫೋನು ನೋಡಲು ಶುರುಮಾಡುತ್ತೇನೆ. ತಿಂಗಳುಗಳಾದವು, ಕಡಿಮೆಯಾಗಿಲ್ಲ.

ಹೋದ ವಾರ ಏಳನೇ ಕ್ಲಾಸಿಗೆ ಅಯೋಡಿನ್ ಪ್ರಯೋಗ ಇತ್ತು. ಹನಿ ಹಾಕಿ ಹಾಕಿ ಮಕ್ಕಳು ಅನ್ನ, ಆಲೂಗಡ್ಡೆ, ಸೌತೆಕಾಯಿ ಎಲ್ಲ ನೋಡುತ್ತಿದ್ದರು. ನೀಲಿಯಾಗಲಿಲ್ಲ ಎಂದು ಒಬ್ಬಳು ಸೌತೆಕಾಯಿಯ ತಟ್ಟೆ ಹಿಡಿದು ಬಂದಳು. ಇದರಲ್ಲಿ ಪಿಷ್ಟ ಇಲ್ಲ ಅಂತ ಬರೆಯಲಾ ಟೀಚರ್ ಎಂದು ಕೇಳಿದಳು. ಬಣ್ಣ ಕಾಣಲಿಲ್ಲ ಎಂದು ಬರಿ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಹೋದಳು. ಗಂಟೆ ಹತ್ತು ನಲವತ್ತು. ಫೋನು ಸುಮ್ಮನಿತ್ತು. ಹತ್ತು ಐವತ್ತು. ಕೈಯಲ್ಲಿದ್ದ ಅಯೋಡಿನ್ ಬಾಟಲಿಯ ಮುಚ್ಚಳ ಹಾಕಲು ಆಗಲಿಲ್ಲ, ಬೆರಳು ಕಂದು ಬಣ್ಣವಾಯಿತು. ಹನ್ನೊಂದು. ಕಿಟಕಿಯ ಹತ್ತಿರ ಹೋಗಿ ನಿಂತೆ, ಅಲ್ಲಿಂದ ಕಾಣುವುದು ಹೆದ್ದಾರಿ ಮಾತ್ರ.

ಹನ್ನೊಂದು ಹತ್ತಕ್ಕೆ ಫೋಟೋ ಬಂತು. ನೂರ ನಲವತ್ತೆರಡು. ಮಿಷನ್ನಿನ ಗಾಜಿಗೆ ಬಂಗುಡೆ ಮೀನಿನ ಎರಡು ಪರೆ ಅಂಟಿತ್ತು. ಕೆಳಗೆ ಒಂದು ಸಾಲು: "ಬಲೆ ಎಳೂದ್ರಂಗೆ ತಡ ಆಯ್ತ್. ಹೆದ್ರಿದ್ಯಾ?"

ಹೌದು ಎಂದು ಬರೆದೆ.